ತಮ್ಮನ ಭುಜಕ್ಕೆ ಬಡಿದ ಹಲಗೆ

ಊರವರ ಬಾಯಲ್ಲಿ ಅವಳು ‘ಹಲಗೆ ಅಕ್ಕ’. ಅವಳ ಅಜ್ಜಿ, ಒಡೆದ ದೋಣಿಯಿಂದ ಇಬ್ಬರನ್ನು ಜುಟ್ಟು ಹಿಡಿದು ದಡಕ್ಕೆ ಎಳೆದು ತಂದ ಗಟ್ಟಿಗಿತ್ತಿ. ಅಪ್ಪ ದೋಣಿ ಕಟ್ಟುವ ಬಡಗಿ. ಆಳೆತ್ತರ ಮೀರಿದ ಪೊಳ್ಳು ಹಲಗೆಯೊಂದನ್ನು ಮಾಡಿ, ಅದರ ಮೇಲೆ ನಿಂತು ಅಲೆ ಸವಾರಿ ಮಾಡಿದವನು. ಆ ಕಡಲಂಚಿನ ಮಂದಿ ಅದುವರೆಗೆ ಅಂಥದ್ದನ್ನು ಕಂಡಿರಲಿಲ್ಲ. ಅಪ್ಪ ತೀರಿಹೋದ ಮೇಲೆ ಹಲಗೆ ಮಗಳಾದ ಅವಳ ಪಾಲಿಗೆ ಬಂತು. ಹೊಟ್ಟೆಪಾಡಿಗೆ ಇಸ್ತ್ರಿ ಅಂಗಡಿ ಇಟ್ಟುಕೊಂಡರೂ, ಬೆಳಿಗ್ಗೆ ಅಲೆಗೆ ಮೈಯೊಡ್ಡದೆ ಇಸ್ತ್ರಿಪೆಟ್ಟಿಗೆ ಮುಟ್ಟಿದವಳಲ್ಲ.

ಅವಳ ಕಾಲಕ್ಕೆ ಅಲೆ ಸವಾರಿ ಊರಿಗೆಲ್ಲ ಹಬ್ಬಿತ್ತು. ಗಿಡ್ಡ ಹಲಗೆಯವರು ಕಪ್ಪೆಯ ಹಾಗೆ ಕುಪ್ಪಳಿಸುತ್ತಾರೆ. ಉದ್ದ ಹಲಗೆಯ ಗತ್ತೇ ಬೇರೆ. ಅಲೆ ಎತ್ತಿಕೊಂಡೊಡನೆ ಒಂದು ಕಾಲಿನ ಮುಂದೆ ಇನ್ನೊಂದನ್ನಿಟ್ಟು ಹಲಗೆಯ ತುದಿಯವರೆಗೆ ನಡೆಯಬೇಕು, ಮನೆಯಂಗಳದಲ್ಲಿ ನಡೆದಷ್ಟು ಸಲೀಸಾಗಿ. ಬಿದ್ದಾಗ ಹಲಗೆ ಓಡಿಹೋಗದಿರಲಿ ಎಂದು ಉಳಿದವರೆಲ್ಲ ಅದನ್ನು ಹಗ್ಗದಿಂದ ಕಾಲಿಗೆ ಕಟ್ಟಿಕೊಳ್ಳುತ್ತಿದ್ದರು. ಇವಳು ಕಟ್ಟುತ್ತಿರಲಿಲ್ಲ. ನಡೆಯುವಾಗ ತೊಡರುತ್ತದೆ ಎನ್ನುವುದೇನೋ ನಿಜ. ಆದರೆ ಅಪ್ಪ ಕಟ್ಟಿರಲಿಲ್ಲ ಎಂಬ ಜಂಬವೇ ಹೆಚ್ಚು.

ಒಡೆದ ಹಲಗೆಗಳನ್ನು ಸರಿಮಾಡುವುದು ತಮ್ಮನ ಕಸುಬು. “ಅಕ್ಕಾ, ಅಪ್ಪನ ಕಾಲದಲ್ಲಿ ನೀರಲ್ಲಿ ಅಪ್ಪ ಒಬ್ಬನೇ ಇದ್ದ. ಈಗ ನೋಡು, ಸಂತೆ” ಎಂದು ಅವನು ಎಚ್ಚರಿಸಿದ್ದ.

“ನಾನೇನು ಎಮ್ಮೆನಾ, ಕಾಲಿಗೆ ಹಗ್ಗ ಬಿಗಿಯೋಕೆ?”

“ಎಮ್ಮೆ ನೀನಲ್ಲ, ಆ ಹಲಗೆ. ಬಿಟ್ರೆ ಯಾರ ಮೇಲಾದ್ರೂ ನುಗ್ಗುತ್ತೆ.”

ಜನ ಕಿಕ್ಕಿರಿದ ಒಂದು ರಜೆಯ ದಿನ ಅವಳು ತುದಿಗೆ ನಡೆದು ಜಾರಿದಳು. ಅಂಕೆ ತಪ್ಪಿದ ಹಲಗೆ ಅಲೆಯೊಡನೆ ದಡದತ್ತ ಧಾವಿಸಿ, ಸೊಂಟಮಟ್ಟದ ನೀರಿನಲ್ಲಿ ಬೆನ್ನು ಹಾಕಿ ನಿಂತಿದ್ದ ತಮ್ಮನ ಬಲಭುಜಕ್ಕೆ ಬಡಿಯಿತು. ಮುರಿದ ಮೂಳೆ ಕೂಡಿತು, ಕೈ ಮಾತ್ರ ಎದೆಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಅವನು ಬಾಯಿತುಂಬ ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಂದು ಹಲಗೆಯ ಮೂತಿಯೂ ಸೀಳಿತ್ತು. ಅವಳು ಸರಿಮಾಡಿಸಲಿಲ್ಲ. ಹಗ್ಗ ಕಟ್ಟಿಕೊಂಡು, ಸೀಳು ಹಲಗೆಯನ್ನೇ ಕಡಲಿಗೆ ಒಯ್ದಳು. ಹೊಟ್ಟೆ ತುಂಬ ನೀರು ಕುಡಿದ ಹಲಗೆ ಹೆಣಭಾರವಾಯಿತು, ಒಳಗಿನ ಮರ ಕೊಳೆಯತೊಡಗಿತು. ಯಾವ ಅಲೆಯೂ ಅದನ್ನು ಎತ್ತಿಕೊಳ್ಳದಂತಾಯಿತು. ಅದರ ಮೇಲೆ ಸುಮ್ಮನೆ ಕುಳಿತು, ಬೇರೆಯವರು ಜಾರಿಹೋಗುವುದನ್ನು ನೋಡಿ ಬರುತ್ತಿದ್ದಳು.

ಕೊನೆಗೆ ತಮ್ಮನೇ ಅಂಗಡಿಗೆ ಬಂದ. ಗೋಡೆಗೆ ಒರಗಿಸಿದ್ದ ಹಲಗೆಯ ಸೀಳಿಗೆ ಎಡಗೈ ಬೆರಳು ತೂರಿಸಿದ. ಮರ ಒದ್ದೆ ಹಿಟ್ಟಿನ ಹಾಗೆ ಕಿತ್ತುಬಂತು.

“ಇನ್ನೊಂದು ಮಳೆಗಾಲ ತಡೆಯಲ್ಲ ಇದು. ಕೊಡು, ಒಣಗಿಸಿ ಮುಚ್ಚಿಕೊಡ್ತೀನಿ.”

“ನಿನ್ನ ಕೈಲಿ ಆಗುತ್ತಾ?” ಎಂದುಬಿಟ್ಟಳು. ಎಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

“ನಿಧಾನ ಆಗುತ್ತೆ, ಅಷ್ಟೆ. ಹಠ ಬಿಡಕ್ಕಾ. ನಾನೇ ಮರೆತಿದ್ದೀನಿ.”

ಅವಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು.

“ಸುಳ್ಳು ಹೇಳಬೇಡ ಕಣೋ. ಅಂಗಿ ತೊಡೋವಾಗ ದಿನಾ ನೆನಪಾಗುತ್ತೆ ನಿಂಗೆ. ಇದನ್ನ ನೀನು ಸರಿಮಾಡಿಕೊಟ್ರೆ ಎಲ್ಲ ಸರಿಹೋಯ್ತು ಅಂತ ಜನ ಅಂತಾರೆ. ನಾನೂ ಹಾಗೇ ಅಂದ್ಕೊಂಡುಬಿಡ್ತೀನಿ. ಬೇಡ. ಕೊಳೆಯೋದಾದ್ರೆ ಕೊಳೀಲಿ. ನೀನು ಮನೆಗೆ ಹೋಗು, ಬಾಗಿಲು ಎಳ್ಕೊಂಡು ಹೋಗು.”