ಕನಸಿನಲ್ಲಿ ಬಾಗಿಲು ತೆಗೆಯುತ್ತಿದ್ದ ಅಂಗಡಿ

ಇದನ್ನು ಬರೆಯಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಕನ್ನಡಕ ಸರಿಯಿಲ್ಲ, ಕೈ ನಡುಗುತ್ತದೆ ಎಂದು ಏನಾದರೊಂದು ನೆಪ ಹೇಳಿಕೊಂಡು ಮುಂದೂಡಿದೆ. ಹೆದರಿಕೆ ಎಂದು ಒಪ್ಪಿಕೊಳ್ಳಲು ಇಷ್ಟು ಕಾಲ ಬೇಕಾಯಿತು.

ಗಫೂರ್ ಸಾಹೇಬರು ಯಾರನ್ನು ಕಂಡರೂ ಮೊದಲು ಭುಜ ನೋಡುತ್ತಿದ್ದರು, ಮುಖ ಆಮೇಲೆ. ಮೈಸೂರಿನಲ್ಲಿ ನಲವತ್ತು ವರ್ಷ ಟೈಲರ್ ಅಂಗಡಿ ನಡೆಸಿದವರು. ಅಮೆರಿಕದ ಮೌಂಟನ್ ವ್ಯೂನಲ್ಲಿ ನನ್ನ ಮಗಳ ಅಪಾರ್ಟ್‌ಮೆಂಟಿನ ಎದುರು ಇರುವ ಪಾರ್ಕಿನಲ್ಲಿ ಸಿಕ್ಕ ಮೊದಲ ದಿನ, ಹೆಸರು ಕೇಳುವ ಮೊದಲೇ, "ನಿಮ್ಮ ಬಲಭುಜ ಅರ್ಧ ಇಂಚು ಇಳಿದಿದೆ. ಏನ್ ಕೆಲಸ ಮಾಡ್ತಿದ್ರಿ?" ಅಂದರು. ಎಸ್ಸೆಸ್ಸೆಲ್ಸಿ ಓದಿದ ನಾನು ಮಂಡ್ಯದ ಕಡೆ ಕಬ್ಬಿನ ಲಾರಿಗಳ ತೂಕ ಬರೆಯುವ ಗುಮಾಸ್ತನಾಗಿದ್ದೆ. "ಅದೇ ಮತ್ತೆ. ಬಗ್ಗಿ ಬರೆದೂ ಬರೆದೂ ಕೋಟಿನ ಅಳತೆ ಕೆಡಿಸ್ಕೊಂಡಿದೀರಿ" ಎಂದು ನಕ್ಕರು.

ದಿನಾ ಬೆಳಿಗ್ಗೆ ಒಂದೇ ಬೆಂಚು. ರಸ್ತೆಯಲ್ಲಿ ಕಂಪನಿ ಬಸ್ಸುಗಳು ಹೋಗುತ್ತಿದ್ದರೆ ಅವರು ಹಿಂದಿನ ರಾತ್ರಿಯ ಕನಸು ಬಿಚ್ಚುತ್ತಿದ್ದರು. ಕನಸು ಯಾವಾಗಲೂ ಅಂಗಡಿಯದೇ.

"ಇವತ್ತು ಯಾರು ಬಂದಿದ್ರು ಹೇಳಿ ಗೌಡ್ರೇ? ನಮ್ಮ ಹೆಡ್‌ಮಾಸ್ಟ್ರು. ತೀರ್ಕೊಂಡು ಹತ್ತು ವರ್ಷ ಆಯ್ತು, ಈಗಲೂ ಸೊಂಟ ಎರಡಿಂಚು ಕಮ್ಮಿ ಬರ್ಕೊಳ್ಳಿ ಅಂತಾರೆ."

ನನಗೆ ಆ ಅಂಗಡಿಯ ಗಿರಾಕಿಗಳೆಲ್ಲ ಪರಿಚಯವಾಗಿದ್ದರು. ಮನೆಯಲ್ಲಿ ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಒಂದೊಂದು ಮಾತಾಡಿ ಎದ್ದು ಹೋಗುತ್ತಿದ್ದವು. ನನ್ನ ದಿನ ನಿಂತಿದ್ದುದು ಆ ಬೆಂಚಿನ ಮೇಲೆ.

ಒಮ್ಮೆ ಫ್ರೀವೇಯಲ್ಲಿ ಮಗನ ಕಾರಿನಲ್ಲಿ ಹೋಗುವಾಗ ಸಾಹೇಬರಿಗೆ ಎದೆ ಹೊಡೆದುಕೊಂಡು ಉಸಿರು ಕಟ್ಟಿತು. ಹೃದಯಕ್ಕೇನೂ ಆಗಿಲ್ಲ, ಇದು ಗಾಬರಿಯ ಕಾಯಿಲೆ ಎಂದು ಡಾಕ್ಟರು ರಾತ್ರಿಗೊಂದು ಸಣ್ಣ ಮಾತ್ರೆ ಬರೆದರು. ಸೊಸೆ ಪ್ರತಿ ಭಾನುವಾರ, ದಿನಕ್ಕೊಂದರಂತೆ ಏಳು ಮನೆಯ ಡಬ್ಬಿಯಲ್ಲಿ ವಾರದ ಮಾತ್ರೆ ತುಂಬಿಡುತ್ತಿದ್ದಳು. ಗಾಬರಿ ಇಳಿಯಿತು. ಸಾಹೇಬರು ಕಾರು ಹತ್ತಿ ಫಾಸ್ಟರ್ ಸಿಟಿಯ ಕೊಲ್ಲಿಯ ನೀರು ನೋಡಿಕೊಂಡೂ ಬಂದರು. ಆದರೆ ಬೆಂಚಿನಲ್ಲಿ ಹೇಳಲು ಏನೂ ಇರಲಿಲ್ಲ.

"ನಿದ್ದೆ ಬಾವಿಗೆ ಕಲ್ಲು ಹಾಕ್ದಂಗೆ ಬರತ್ತೆ ಗೌಡ್ರೇ. ಅಂಗಡಿ ಮಾತ್ರ ಬಾಗಿಲು ತೆಗೀತಿಲ್ಲ."

ತಿಂಗಳು ಕಳೆದರೂ ತೆಗೆಯಲಿಲ್ಲ. ಆಗ ನಾನು ಹೇಳಿದೆ: "ಆ ಮಾತ್ರೆ ಕನಸ್ನ ತಿಂದಾಕ್ತದೆ ಸಾಹೇಬ್ರೇ. ನಿಲ್ಸಿಬುಡಿ."

"ಡಾಕ್ಟರ್‌ನ ಒಂದು ಮಾತು ಕೇಳೋದಲ್ವಾ?"

"ಕೇಳಿದ್ರೆ ಇನ್ನೊಂದು ಮಾತ್ರೆ ಬರಕೊಡ್ತಾರೆ, ಅಷ್ಟೇಯ."

ಅವರ ಒಳ್ಳೆಯದಕ್ಕೆ ಹೇಳಿದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ನನಗೆ ಬೇಸರವಾಗುತ್ತಿತ್ತು, ಕತೆ ಬೇಕಾಗಿತ್ತು. ನಿಜ ಅಷ್ಟೇ.

ಕಸದ ಬುಟ್ಟಿಗೆ ಹಾಕಿದರೆ ಸೊಸೆ ನೋಡುತ್ತಾಳೆಂದು ಅವರು ರಾತ್ರಿಯ ಮಾತ್ರೆಯನ್ನು ಕರವಸ್ತ್ರದ ತುದಿಯಲ್ಲಿ ಗಂಟು ಹಾಕಿ ಬೆಳಿಗ್ಗೆ ನನಗೆ ಕೊಡುತ್ತಿದ್ದರು. ನಾನು ಸ್ವೆಟರಿನ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಐದನೆಯ ದಿನ ಬಂದಾಗ ಅವರ ಕಣ್ಣು ಕೆಂಪಾಗಿತ್ತು, ಬೆರಳು ನಡುಗುತ್ತಿತ್ತು.

"ಅಂಗಡಿ ತೆಗೀತು ಗೌಡ್ರೇ. ಈಗ ಮುಚ್ಚೋಕ್ಕೇ ಆಗ್ತಿಲ್ಲ. ಊರಿಗೂರೇ ಬಂದು ನಿಂತದೆ. ಟೇಪು ಹಿಡಿದು ಅಳತೆ ತೊಗೊಳ್ಳೋಕೆ ಹೋದ್ರೆ ಒಬ್ಬರಿಗೂ ಭುಜಾನೇ ಇಲ್ಲ."

"ಎರಡು ದಿನ ಹಂಗಿರ್ತದೆ, ಆಮೇಲೆ ಸರಿಹೋಗ್ತದೆ" ಅಂದೆ. ಡಾಕ್ಟರ ಹಾಗೆ ಹೇಳಿದೆ.

ಮಾರನೆಯ ದಿನ ಅವರು ಮಾತ್ರೆ ಕೊಟ್ಟು ಬೇಗನೆ ಎದ್ದು ಹೋದರು. ಮಧ್ಯಾಹ್ನ ಫಿಟ್ಸ್ ಬಂದು ಬಚ್ಚಲಲ್ಲಿ ಬಿದ್ದರು. ಸೊಂಟ ಮುರಿಯಿತು. ಸುದ್ದಿ ತಿಳಿದು ನಾನು ಆಸ್ಪತ್ರೆಗೆ ಹೋದಾಗ ಡಾಕ್ಟರು, ಈ ಮಾತ್ರೆಯನ್ನು ದಿಢೀರನೆ ಬಿಟ್ಟರೆ ಕೆಟ್ಟ ಕನಸೂ ಬರುತ್ತದೆ, ಫಿಟ್ಸೂ ಬರಬಹುದು, ನಿಧಾನವಾಗಿ ಇಳಿಸಬೇಕು, ತಪ್ಪಿಸಿದಿರಾ ಎಂದು ಕೇಳುತ್ತಿದ್ದರು. ಮಗ ಹೆಂಡತಿಯ ಕಡೆ ತಿರುಗಿದ. "ಡಬ್ಬಿ ತುಂಬೋಳು ನೀನಲ್ವಾ?"

ಆ ಹುಡುಗಿ, "ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸ್ ಕೆಲಸ ಇತ್ತು. ನಾನೇ ಮರ್ತಿರಬೇಕು" ಅಂದಳು.

ಆರು ಮಾತ್ರೆ ನನ್ನ ಜೇಬಿನಲ್ಲೇ ಇದ್ದವು. ನಾನು ಬಾಯಿ ಬಿಡಲಿಲ್ಲ.

ಕೊನೆಯ ಸಲ ಅವರನ್ನು ನೋಡಿದ್ದು ಆರೈಕೆ ಕೇಂದ್ರದಲ್ಲಿ. ಬಹಳ ಇಳಿದುಹೋಗಿದ್ದರು. "ಮಗನಿಗೆ ನಿಜ ಹೇಳ್ದೆ ಗೌಡ್ರೇ. ಸೊಸೇನ ಕಾಪಾಡೋಕೆ ನಿಮ್ಮ ಹೆಸರು ಹೇಳ್ತಿದೀನಿ ಅಂದ್ಕೊಂಡು ಅವನು ನಂಬಲಿಲ್ಲ. ನೀವೇ ಹೇಳ್ಬಿಡಿ. ಪಾಪ, ಆ ಮಗು ಊಟ ಬಿಟ್ಟದೆ."

"ನಾಳೆ ಹೇಳ್ತೀನಿ" ಅಂದೆ.

ಅವರು ನನ್ನ ಭುಜವನ್ನೇ ನೋಡಿದರು. "ಇನ್ನೂ ಇಳಿದಿದೆ" ಅಂದರು.

ಆ ವಾರವೇ ನ್ಯುಮೋನಿಯಾ ಬಂದು ಹೋಗಿಬಿಟ್ಟರು. ನಾಳೆ ಎಂದಿದ್ದ ನಾನು ಮಣ್ಣಿಗೂ ಹೋದೆ, ಮೂರು ಹಿಡಿ ಮಣ್ಣೂ ಹಾಕಿದೆ, ಹೇಳಲಿಲ್ಲ.

ಈಗಲೂ ಗ್ರೋಸರಿ ಅಂಗಡಿಯಲ್ಲಿ ಸಿಕ್ಕರೆ ಸಾಹೇಬರ ಸೊಸೆ ನನ್ನ ಚೀಲ ಕಾರಿನವರೆಗೂ ಹೊತ್ತು ತರುತ್ತಾಳೆ. "ಅಂಕಲ್, ನಿಮ್ಮ ಮಾತ್ರೆ ಡಬ್ಬಿ ಎರಡೆರಡು ಸಲ ನೋಡ್ಕೊಳ್ಳಿ. ನಾನೂ ಸರಿಯಾಗಿ ನೋಡಿದ್ರೆ ಮಾಮು ಇರ್ತಿದ್ರು" ಅನ್ನುತ್ತಾಳೆ. ನಾನು ತಲೆಯಾಡಿಸಿ ಕಾರು ಹತ್ತುತ್ತೇನೆ.

ಅವಳು ಏನೂ ಮರೆತಿರಲಿಲ್ಲ. ಅವಳ ಹೆಸರು ನಸ್ರೀನ್.