ನಿಂಬೆಹಣ್ಣಿನಷ್ಟು ಮುದ್ದೆ

ಮೊನ್ನೆ ಸೊಸೆ ಹೊಸ ಕಂಬಳಿಯೊಂದನ್ನು ಬಿಸಿಲಿಗೆ ಹರವಿದ್ದಳು. ಹುಣಸೆಬೀಜದ ಗಂಜಿ ಹಚ್ಚಿ ನೇಯ್ದದ್ದು. ಅದು ಕಾಯುತ್ತಿದ್ದಂತೆ ಎದ್ದ ವಾಸನೆಗೆ ನಾನು ನಿಂತಲ್ಲೇ ನಿಂತುಬಿಟ್ಟೆ. ಎದುರು ಮನೆ ದೊಡ್ಡವ್ವನ ಸೆರಗಿಗೂ ಇದೇ ವಾಸನೆ ಇತ್ತು...

ನನ್ನ ತವರೂರು ದೊಡ್ಡಉಳ್ಳಾರ್ತಿಯಲ್ಲಿ ನಮ್ಮದು ಬೇಸಾಯದ ಮನೆ, ಅವಳದು ಕುರಿ ಸಾಕುವ ಮನೆ. ನೆಂಟಸ್ತಿಕೆ ಏನೂ ಇಲ್ಲ. ಬೀದಿಯ ಮಕ್ಕಳಿಗೆಲ್ಲ ಅವಳು ದೊಡ್ಡವ್ವ.

ನನಗಾಗ ಏಳು ವರ್ಷವಿರಬೇಕು. ಕಡ್ಡಿಯಂತಿದ್ದೆ. ನಮ್ಮ ಮನೆಯಲ್ಲಿ ಊಟ ಎರಡೇ ಹೊತ್ತು. ಹೊಲಕ್ಕೆ ಹೊರಡುವ ಮುಂಚೆ ಅವ್ವ ದೊಡ್ಡವರಿಗೆ ಹಾಕುವಂಥ ಮುದ್ದೆಯನ್ನೇ ನನ್ನ ಮುಂದೂ ಇಡುತ್ತಿದ್ದಳು. ಕಾಲುಭಾಗಕ್ಕೇ ಹೊಟ್ಟೆ ತುಂಬುತ್ತಿತ್ತು. ಬೈದು ತಿನ್ನಿಸಿದರೆ ವಾಂತಿ. ಮಧ್ಯಾಹ್ನ ಹಸಿವಾದರೆ ಮನೆಯಲ್ಲಿ ಯಾರೂ ಇಲ್ಲ. ಒಂದು ದಿನ ಬಾವಿಯ ಹತ್ತಿರ ತಲೆಸುತ್ತಿ ಬಿದ್ದೆ. ಹೊಟ್ಟೆಗೆ ಬರೆ ಹಾಕಿಸಿದರೆ ತಿಂದದ್ದು ಮೈಗೆ ಹತ್ತುತ್ತದೆ ಎಂದು ಯಾರೋ ಅವ್ವನಿಗೆ ಹೇಳಿದರು. ಕಾದ ಕಬ್ಬಿಣದ ಮಾತು ಕೇಳಿದ್ದೇ ಓಡಿಹೋಗಿ ದೊಡ್ಡವ್ವನ ಬೆನ್ನಹಿಂದೆ ಅವಿತುಕೊಂಡೆ.

ಅವ್ವ ಹುಡುಕಿಕೊಂಡು ಬಂದಳು. ದೊಡ್ಡವ್ವ ಜಗ್ಗಲಿಲ್ಲ.

"ಸೊರಗಿದ ಮರಿಗೆ ನಾವು ಬರೆ ಹಾಕ್ತೀವೇನೇ? ಅದರ ಹೊಟ್ಟೆ ಇಷ್ಟೇ ಇಷ್ಟು ಐತೆ. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ, ದಿನಕ್ಕೆ ಐದು ಸಲ ಕುಡಿಸ್ತೀವಿ. ಮುಂದಿನ ಹುಣ್ಣಿಮೆತಂಕ ಈ ಕೂಸನ್ನ ನನಗೆ ಬಿಡು."

"ದಿನಕ್ಕೆ ಐದು ಸಲ ಯಾರು ಬೇಯಿಸ್ತಾರಕ್ಕಾ?"

"ಒಂದು ಸಲ ಬೇಯಿಸಿ ಐದು ಸಲ ಕೊಡ್ತೀನಿ ಬಿಡೇ!"

ಅವಳ ಪಡಸಾಲೆಯ ತೊಲೆಗೆ ಉಣ್ಣೆ ತೂಗುವ ದೊಡ್ಡ ತಕ್ಕಡಿ ನೇತಾಡುತ್ತಿತ್ತು. ಅಂದೇ ನನ್ನನ್ನು ಒಂದು ತಟ್ಟೆಯಲ್ಲಿ ಕೂರಿಸಿ, ಇನ್ನೊಂದರಲ್ಲಿ ಸಮಕ್ಕೆ ಉಣ್ಣೆ ತುಂಬಿ, ಆ ಉಣ್ಣೆಯನ್ನು ಮೂಟೆ ಕಟ್ಟಿ ಅಟ್ಟಕ್ಕೇರಿಸಿದಳು.

ಬೆಳಿಗ್ಗೆ ಅಂಬಲಿ. ಹೊತ್ತೇರಿದಾಗ ಹಾಲಲ್ಲಿ ನೆನೆಸಿದ ಚೂರು ರೊಟ್ಟಿ. ಮಧ್ಯಾಹ್ನ ನಿಂಬೆಹಣ್ಣಿನಷ್ಟೇ ಮುದ್ದೆ. ಇಳಿಹೊತ್ತಿಗೆ ಹುರಿಗಡಲೆ, ಬೆಲ್ಲ. ಸಂಜೆ ನವಣೆ ಅನ್ನ, ಮಜ್ಜಿಗೆ. ನಾನು ಸಾಕು ಎಂದರೆ ಸಾಕು. ಒಂದು ತುತ್ತೂ ಬಲವಂತವಿಲ್ಲ. ನಡುನಡುವೆ ಕುರಿ ಮೇಯುವ ಕಾವಲಿನಲ್ಲಿ ಮರಿಗಳ ಹಿಂದೆ ಓಡುತ್ತಿದ್ದೆ. ಓಡಿ ಬಂದವಳಿಗೆ ಮತ್ತೆ ಹಸಿವು!

ಹುಣ್ಣಿಮೆ ಬಂತು. ಅರ್ಧ ಬೀದಿಯೇ ಪಡಸಾಲೆಯಲ್ಲಿ ನೆರೆದಿತ್ತು. ದೊಡ್ಡವ್ವ ಅಟ್ಟದಿಂದ ಅದೇ ಮೂಟೆ ಇಳಿಸಿ ಒಂದು ತಟ್ಟೆಯಲ್ಲಿಟ್ಟಳು. ಇನ್ನೊಂದರಲ್ಲಿ ನಾನು ಕೂತದ್ದೇ ತಡ, ನನ್ನ ತಟ್ಟೆ ಕೆಳಗಿಳಿಯಿತು, ಮೂಟೆ ಮೇಲೇರಿತು. ಅವ್ವ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ನನ್ನನ್ನೂ ತೂಗ್ರೇ!" ಎಂದು ದೊಡ್ಡವ್ವ ಇನ್ನೊಂದು ತಟ್ಟೆ ಹತ್ತಲು ಹೋದಳು. ಹಗ್ಗ ಪಟಕ್ಕನೆ ಹರಿಯಿತು. ಕೆಳಗೆ ಕೂತುಬಿಟ್ಟವಳು ಏಳಲಾರದೆ ನಗುತ್ತಿದ್ದಳು, ಎಬ್ಬಿಸಹೋದವರೂ ನಕ್ಕು ನಕ್ಕು ಕೂತರು... ಬರೆಯ ಮಾತನ್ನು ಅವ್ವ ಮತ್ತೆ ಎತ್ತಲಿಲ್ಲ. ಮರುದಿನದಿಂದ ಹೊಲಕ್ಕೆ ಹೋಗುವಾಗ ನನಗೆಂದು ಒಂದು ಪುಟ್ಟ ಮಡಕೆಯಲ್ಲಿ ಊಟ ಮುಚ್ಚಿಟ್ಟು ಹೋಗತೊಡಗಿದಳು.

ದೊಡ್ಡವಳಾದ ಮೇಲೆ ನನ್ನನ್ನು ಬಿ.ಜಿ. ಕೆರೆಗೆ ಮದುವೆ ಮಾಡಿ ಕೊಟ್ಟರು. ತವರಿಗೆ ಹೊರಡುವ ಮುಂಚೆಯೇ ಹೆರಿಗೆಯಾಗಿ, ಅಲ್ಲೇ ಚೊಚ್ಚಲ ಬಾಣಂತಿಯಾಗಿ ಮಲಗಿದ್ದಾಗ ದೊಡ್ಡವ್ವ ತೀರಿಹೋದ ಸುದ್ದಿ ಬಂತು. ಹಸಿ ಮೈ; ಹೋಗಲಾಗಲಿಲ್ಲ... ಆ ಮಗಳು ಗುಂಡುಗುಂಡಗೆ ಬೆಳೆದಳು, ಈಗ ಅವಳಿಗೂ ಮಕ್ಕಳಿದ್ದಾರೆ. ಆದರೂ ಒಮ್ಮೆ, ಒಂದೇ ಒಂದು ಸಲ, ನನ್ನ ಕೂಸನ್ನು ದೊಡ್ಡವ್ವ ಎತ್ತಿಕೊಳ್ಳಬೇಕಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.