ಸೆರಗಿಗೆ ಕಟ್ಟಿದ ಕಲ್ಲು

ಹುಮನಾಬಾದಿನಲ್ಲಿ ನಮ್ಮದೊಂದು ಸಣ್ಣ ಬೇಳೆ ಮಿಲ್ ಇದೆ. ಅಪ್ಪ ಕಟ್ಟಿದ್ದು, ಅವರು ಹೋದ ಮೇಲೆ ನನ್ನ ಕೊರಳಿಗೆ ಬಿದ್ದದ್ದು. ತೊಗರಿ ಒಡೆಯುವ ಕೆಲಸ ಮೊದಲಿನಿಂದಲೂ ಯಂತ್ರದ್ದೇ. ಒಡೆದ ಬೇಳೆಯಲ್ಲಿ ಉಳಿದ ಕಲ್ಲು, ಕರಿಕಾಳು ಆರಿಸುವುದು ಮಾತ್ರ ಆರು ಜನ ಹೆಂಗಸರ ಕೈಯಲ್ಲಿತ್ತು. ಅವರಲ್ಲಿ ಹಿರಿಯರಾದ ಒಬ್ಬರ ಮನೆ ಮಾಣಿಕನಗರದ ಹಾದಿಯಲ್ಲಿ. ಓಣಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ; ನನಗೂ ಖಾಲಾ. ಚಿಕ್ಕಂದಿನಲ್ಲಿ ನಾನು ಬೇಳೆಯ ರಾಶಿಯ ಮೇಲೆ ಜಾರುಬಂಡೆ ಆಡುವಾಗ ಕಿವಿ ಹಿಡಿದು ಇಳಿಸುತ್ತಿದ್ದವರು ಅವರೇ.

ನಮ್ಮ ಮಿಲ್ಲಿನಲ್ಲಿ ಒಂದು ಪದ್ಧತಿ ಇತ್ತು. ಗಿರಾಕಿ ಬೇಳೆಯಲ್ಲಿ ಕಲ್ಲು ಸಿಕ್ಕಿತೆಂದು ತಂದರೆ ಅಪ್ಪ ಯಾರನ್ನೂ ಬೈಯುತ್ತಿರಲಿಲ್ಲ. ಆ ಚೀಲ ಯಾರು ಆರಿಸಿದ್ದೆಂದು ಕೇಳಿ, ಕಲ್ಲನ್ನು ಅವರ ಅಂಗೈಯಲ್ಲಿ ಇಟ್ಟುಬಿಡುತ್ತಿದ್ದರು. ಆಕೆ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಸಂಜೆಯವರೆಗೆ ಕೆಲಸ ಮಾಡಬೇಕು. ಅಷ್ಟೇ ಶಿಕ್ಷೆ. ಆದರೆ ಕಟ್ಟಿಕೊಂಡವರ ಮುಖ ನೋಡಿದರೆ ಬೈಗುಳವೇ ವಾಸಿ ಅನ್ನಿಸುತ್ತಿತ್ತು. ಸಂಜೆ ಉಳಿದವರು ಕಲ್ಲು ಬಿಸಾಡಿ ಹೋಗುತ್ತಿದ್ದರು. ಖಾಲಾ ಮಾತ್ರ ಮನೆಗೆ ಒಯ್ಯುತ್ತಿದ್ದರು.

ಹೋದ ವರ್ಷ ಹೈದರಾಬಾದಿನ ವ್ಯಾಪಾರಿಗಳು ಕೈಯಿಂದ ಆರಿಸಿದ ಬೇಳೆ ಬೇಡವೆಂದರು. ಮಷೀನಿನಲ್ಲಿ ಆರಿಸಿದ್ದಾದರೆ ಕಳಿಸಿ, ಇಲ್ಲದಿದ್ದರೆ ಬಿಡಿ. ಮಿಲ್ಲಿಗೆ ಬೀಗ ಹಾಕುವುದು, ಇಲ್ಲವೇ ಮಷೀನು ತರುವುದು. ಮೂರನೆಯ ದಾರಿ ನನಗಂತೂ ಹೊಳೆಯಲಿಲ್ಲ. ಮಷೀನು ತಂದೆ. ಕೋಣೆಯ ಅರ್ಧ ಜಾಗ ನುಂಗಿತು. ಅದರೊಳಗೆ ಕ್ಯಾಮೆರಾ. ಮೇಲಿನಿಂದ ಸುರಿಯುವ ಕಾಳನ್ನೆಲ್ಲ ನೋಡಿ, ಕೆಟ್ಟದ್ದನ್ನು ಗಾಳಿಯಿಂದ ಫಟ್ ಎಂದು ಹೊರಗೆ ಹಾರಿಸುತ್ತದೆ.

ಆದರೆ ಕೆಟ್ಟದ್ದು ಯಾವುದೆಂದು ಅದಕ್ಕೆ ಯಾರಾದರೂ ಕಲಿಸಬೇಕಲ್ಲ! ಮಷೀನು ಕೂಡಿಸಲು ಬಂದ ಸೊಲ್ಲಾಪುರದ ಮೆಕ್ಯಾನಿಕ್ ಎರಡು ತಟ್ಟೆ ಕೇಳಿದ: ಒಂದರಲ್ಲಿ ಅಪ್ಪಟ ಒಳ್ಳೆಯ ಬೇಳೆ, ಇನ್ನೊಂದರಲ್ಲಿ ಬರೀ ಕಸ. ನಾನು ಖಾಲಾನ ಮುಂದೆ ಕುಳಿತು, "ದೊಡ್ಡ ವ್ಯಾಪಾರಿಗಿ ಸ್ಯಾಂಪಲ್ ಕಳಸೂದದ ಖಾಲಾ, ನೀವೇ ಆರಸ್ರಿ" ಎಂದೆ. ಅವರು ಕನ್ನಡಕ ಒರೆಸಿಕೊಂಡು ಮೊರ ಎಳೆದುಕೊಂಡರು. ಇಡೀ ಮುಂಜಾನೆ ಒಂದೊಂದೇ ಕಾಳು ನೋಡಿ ಆರಿಸಿದರು. ಪಕ್ಕದಲ್ಲೇ ನಿಂತಿದ್ದ ಮೆಕ್ಯಾನಿಕ್, ಈ ಅಜ್ಜಿಯ ಕಣ್ಣನ್ನೇ ಮಷೀನಿಗೆ ಹಾಕುತ್ತಿದ್ದೇವೆ, ಇನ್ನು ಇವರ ಜರೂರಿಲ್ಲ ಎಂದು ಮರಾಠಿಯಲ್ಲಿ ನಕ್ಕ. ಮೆಲ್ಲಗೆ ಮಾತಾಡು, ಅವರಿಗಿನ್ನೂ ಹೇಳಿಲ್ಲ ಎಂದು ನಾನೂ ಮರಾಠಿಯಲ್ಲೇ ಅಂದೆ. ಖಾಲಾ ತಲೆ ಎತ್ತಲಿಲ್ಲ. ಅವರಿಗೆ ಗೊತ್ತಾಗಲಿಲ್ಲವೆಂದು ನನಗೆ ಸಮಾಧಾನ. ಎಂಥ ಜಾಣೆ ನಾನು!

ಆ ವಾರವೇ ಆರೂ ಜನರಿಗೆ, "ಸ್ವಲ್ಪ ದಿನ ಬರಬ್ಯಾಡ್ರಿ, ಕರೆ ಕಳಸ್ತೀನಿ" ಎಂದೆ. ಎದುರಿಗೆ ನಿಂತು ಕೆಲಸ ಇಲ್ಲ ಎನ್ನುವ ಧೈರ್ಯ ಇರಲಿಲ್ಲ. ಗಟ್ಟಿಯಿದ್ದ ಐವರು ಹೊಲದ ಕಳೆ ಕೀಳಲು ಹೋದರು. ಖಾಲಾನ ಮೊಣಕಾಲು ಬಗ್ಗುವುದಿಲ್ಲ, ಹೊಲದ ಕೆಲಸ ಆಗದು. ಗಂಡ ಇಲ್ಲ. ಕುಳಿತು ಆರಿಸುವುದೊಂದೇ ಅವರಿಗೆ ಉಳಿದಿದ್ದ ದುಡಿಮೆ. ಇದೆಲ್ಲ ನನಗೆ ಗೊತ್ತಿತ್ತು. ಹೋಗುವಾಗ ಅವರು ತಮ್ಮ ಮೊರವನ್ನು ಗೋಡೆಯ ಗೂಟಕ್ಕೆ ತೂಗುಹಾಕಿ ಹೋದರು. ಕರೆ ಬರುತ್ತದೆಂದು ನಂಬಿದ್ದಾರೆ ಎಂದುಕೊಂಡು ನಾನು ಆ ಕಡೆ ನೋಡುವುದನ್ನೇ ಬಿಟ್ಟೆ.

ಮೂರು ತಿಂಗಳು ಎಲ್ಲ ಸುರಳೀತ ನಡೆಯಿತು. ಒಂದು ದಿನ ಬಸವಕಲ್ಯಾಣದ ಖಾನಾವಳಿಯವರು ಬಂದು, ಕಾಗದದ ಪುಡಿಕೆ ಬಿಚ್ಚಿ ಮೇಜಿನ ಮೇಲಿಟ್ಟರು. ಕಲ್ಲು. ಥೇಟ್ ಬೇಳೆಯ ಬಣ್ಣ, ಬೇಳೆಯ ಗಾತ್ರ. ಊಟಕ್ಕೆ ಕುಳಿತವರೊಬ್ಬರ ಹಲ್ಲು ಮುರಿದಿತ್ತು.

"ನಿಮ್ಮ ಅಪ್ಪಾರು ಇದ್ದಿದ್ರ ಇದನ್ನ ಯಾರದರೆ ಕೈಯಾಗ ಇಡ್ತಿದ್ರು," ಎಂದರು ಅವರು. "ಈಗ ಯಾರ ಕೈಯಾಗ ಇಡ್ತೀರಿ?"

ನನಗೆ ಸಿಟ್ಟು ಬಂತು. ಸಿಟ್ಟು ಅವರ ಮೇಲಲ್ಲ, ನನ್ನ ಮೇಲೆ. ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಇಂಥ ಹಳದಿ ಕಲ್ಲನ್ನು ಮಷೀನು ನೋಡಿಯೇ ಇಲ್ಲ, ಹತ್ತು ಹನ್ನೆರಡು ತೋರಿಸಿದರೆ ಕಲಿಯುತ್ತದೆ ಎಂದ. ಅಂಥ ಹನ್ನೆರಡು ಕಲ್ಲು ಇಡೀ ತಾಲೂಕಿನಲ್ಲಿ ಯಾರ ಬಳಿ ಇದ್ದಾವೆಂದು ನನಗೆ ಕೂಡಲೇ ನೆನಪಾಯಿತು. ಗರಜು ಬಿದ್ದಾಗ ನೆನಪು ಬಲು ಚುರುಕು.

ಖಾಲಾ ಹೊಸ್ತಿಲಲ್ಲಿ ಕುಳಿತಿದ್ದರು. ನನ್ನನ್ನು ಕಂಡವರೇ ಎದ್ದು ಒಳಗೆ ಹೋಗಿ ಚಪ್ಪಲಿ ತಂದರು. ಕೆಲಸಕ್ಕೆ ಕರೆಯಲು ಬಂದಿದ್ದೇನೆ ಎಂದುಕೊಂಡಿದ್ದರು. ನಾನು ಕೈಯಲ್ಲಿದ್ದ ಕಲ್ಲನ್ನು ತೋರಿಸಿದೆ. ಅವರು ಅದನ್ನು ತೆಗೆದುಕೊಂಡು ಬಿಸಿಲಿಗೆ ಹಿಡಿದು ತಿರುಗಿಸಿದರು. ಆಮೇಲೆ ಚಪ್ಪಲಿಯನ್ನು ಬಾಗಿಲ ಸಂದಿಗೆ ಸರಿಸಿ, ಕಲ್ಲನ್ನು ಸೆರಗಿನ ತುದಿಗೆ ಕಟ್ಟತೊಡಗಿದರು.

"ಖಾಲಾ, ಅದು ನಿಮ್ಮ ತಪ್ಪಲ್ಲ. ಮಷೀನಿಂದು."

"ಮಷೀನಿಗಿ ಕಲಿಸಿದವರು ಯಾರು? ನಾನಽ ಅಲ್ಲೇನು? ಆವತ್ತು ಸ್ಯಾಂಪಲ್‌ದಾಗ ಹಳದಿ ಕಲ್ಲು ಇಡಾಕ ಮರ್ತೆ."

ನಾನು ಹೊಸ್ತಿಲ ಮುಂದೆ ಕುಳಿತೆ. "ನಿಮಗ ಗೊತ್ತಿತ್ತೇನ್ರಿ?"

"ನನ್ನ ತವರು ಉಮರಗಾದ ಕಡಿ, ಬೇಟಿ. ಮರಾಠಿ ಬರದೇ ಇರ್ತದೇನು?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಈ ಸೀಮೆಯಲ್ಲಿ ಹುಟ್ಟಿ ಬೆಳೆದು, ಮರಾಠಿಯಲ್ಲಿ ಗುಟ್ಟು ಮುಚ್ಚಿಡಲು ಹೊರಟಿದ್ದೆ ನಾನು.

"ಗೊತ್ತಿದ್ದೂ ಯಾಕ ಅಷ್ಟು ಛಂದ ಆರಿಸಿ ಕೊಟ್ರಿ?"

"ಮತ್ತ? ಗೊತ್ತದ ಅಂತ ಖೋಟಾ ಕೆಲಸ ಮಾಡಲೇನು? ನಿಮ್ಮ ಅಪ್ಪ ಕಟ್ಟಿದ ಮಿಲ್ಲು ಅದು. ನೀ ಒಂದು ಮಾತು ಹೇಳ್ತೀ ಅಂತ ದಾರಿ ನೋಡಿದೆ. ಹೇಳಲಿಲ್ಲ. ಕರೆ ಕಳಸ್ತೀನಿ ಅಂದಿ, ಅದರ ಮ್ಯಾಲ ಆಸಿ ಇಟಗೊಂಡು ಕುಂತೆ."

ಅಳುವ ಹಕ್ಕು ನನಗಿರಲಿಲ್ಲ. ಇಷ್ಟಾದ ಮೇಲಾದರೂ ನಾನು ಬರಿಗೈಯಲ್ಲಿ ಎದ್ದು ಬರಬೇಕಿತ್ತು. ಬರಲಿಲ್ಲ. ಮೆಕ್ಯಾನಿಕ್ ಹೇಳಿದ್ದನ್ನು ತಲೆ ತಗ್ಗಿಸಿ ಹೇಳಿ, ಅವರ ಕಲ್ಲುಗಳನ್ನು ಕೇಳಿದೆ. ಹೀಗೆ ಕೇಳುವವರನ್ನು ಏನೆಂದು ಕರೆಯುತ್ತಾರೋ ನನಗೆ ಗೊತ್ತು.

ಅವರು ಒಳಗಿನಿಂದ ತಗಡಿನ ಎಲೆಯಡಿಕೆ ಡಬ್ಬಿಯೊಂದನ್ನು ತಂದು ಕೊಟ್ಟರು. ಒಳಗೆ ಹದಿನಾಲ್ಕು ಕಲ್ಲು. ನಮ್ಮಲ್ಲಿ ದುಡಿದ ಮೂವತ್ತು ವರ್ಷಗಳಲ್ಲಿ ಅವರ ಕಣ್ಣು ತಪ್ಪಿಸಿಕೊಂಡು ಹೋಗಿ, ಅಪ್ಪನ ಕೈಯಿಂದ ಅವರ ಅಂಗೈಗೆ ಬಂದವು. ಹೆಚ್ಚಿನವೆಲ್ಲ ಹಳದಿ.

"ಎಲ್ಲಾ ತೋರ್ಸು," ಎಂದರು. "ಬೇಳಿಗಿ ಎಣ್ಣಿ ಹೊಳಪು ಇರ್ತದ, ಕಲ್ಲಿಗಿ ಇರಂಗಿಲ್ಲ. ಅದನ್ನ ನೋಡು ಅಂತ ಹೇಳು ಅದಕ್ಕ."

ಮಷೀನಿಗೆ ತೋರಿಸಲು ನೀವೂ ಬನ್ನಿ ಎಂದೆ. ಅವರು ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡು, "ಸಂಜಿತನಕ ಇದು ಕಟಗೊಂಡು ಕೂಡೂದದ. ಎಲ್ಲಿ ಬರಲಿ?" ಎಂದರು.

ಮಷೀನು ಹದಿನಾಲ್ಕೂ ಕಲ್ಲನ್ನು ನೋಡಿತು, ಕಲಿಯಿತು. ಅಂದಿನಿಂದ ಬಸವಕಲ್ಯಾಣದಿಂದಾಗಲಿ, ಬೇರೆ ಎಲ್ಲಿಂದಾಗಲಿ ಒಂದು ಕಲ್ಲೂ ವಾಪಸ್ ಬಂದಿಲ್ಲ. ಖಾಲಾನ ಮೊರ ಇನ್ನೂ ಗೂಟದಲ್ಲಿದೆ, ಡಬ್ಬಿ ನನ್ನ ಮೇಜಿನ ಖಾನೆಯಲ್ಲಿದೆ. ಕೊಟ್ಟು ಬರಬೇಕೆಂದು ಎರಡು ಸಲ ಅವರ ಓಣಿಯವರೆಗೆ ಹೋಗಿದ್ದೆ. ನನ್ನನ್ನು ಕಂಡರೆ ಅವರು ಮತ್ತೆ ಚಪ್ಪಲಿ ತರಲು ಏಳುತ್ತಾರೆ ಎಂಬ ಭಯಕ್ಕೆ ಎರಡು ಸಲವೂ ತಿರುಗಿ ಬಂದೆ.